ಫಿಕ್ಸ್ಡ್ ರೇಟ್ ಗಾಡಿ ಬೆಲೆಗೆ ಮಾತ್ರ ಸರ್

ತುಮಕೂರಿನ ಶೋರೂಮಲ್ಲಿ 2018ರ ಸೆಕೆಂಡ್ ಹ್ಯಾಂಡ್ ಸ್ವಿಫ್ಟ್ ಕಾರು ನೋಡಿದ್ದೀನಿ, ಚೌಕಾಸಿ ಇಲ್ಲ ಅಂತಾರೆ, ತಗೋಬಹುದಾ ಅಂತ ಕೇಳಿದ್ದೀರಿ. ತಗೊಳ್ಳಿ, ಆದ್ರೆ ಆರ್‌ಸಿ ಟ್ರಾನ್ಸ್‌ಫರ್, ಇನ್ಶೂರೆನ್ಸ್, ಲೋನ್ ಪ್ರೊಸೆಸಿಂಗ್ ಫೀ ಎಲ್ಲ ಆ ರೇಟಲ್ಲೇ ಸೇರಿದೆಯಾ ಅಂತ ಮೊದಲೇ ಬರೆಸಿಕೊಳ್ಳಿ. ನಾನು ಕೇಳದೇ ಹೋಗಿ, ಡೆಲಿವರಿ ದಿನ ‘ಹ್ಯಾಂಡ್ಲಿಂಗ್ ಚಾರ್ಜ್’ ಅಂತ ಒಂಬತ್ತು ಸಾವಿರ ಹೆಚ್ಚಿಗೆ ಕಟ್ಟಿದೆ. ಇವತ್ತಿಗೂ ಹೊಟ್ಟೆ ಉರಿಯುತ್ತೆ.

ಬಗ್ಗಿ ಟೈರ್ ಪಕ್ಕ ನೋಡಿ. ಡಾಟ್ (DOT) ಅಂತ ಶುರುವಾಗೋ ಸಾಲಿನ ಕೊನೇ ನಾಲ್ಕಂಕಿ 2318 ಅಂತಿದ್ರೆ, ಅದು 2018ರ 23ನೇ ವಾರ ತಯಾರಾಗಿದ್ದು. ಅಂದ್ರೆ ಟೈರ್ ಹಳೇದಾಗಿದೆ, ಬದಲಾಯಿಸೋ ಖರ್ಚು ನಿಮ್ಮ ತಲೆಗೇ. ಮೀಟರ್ 30,000 ಕಿ.ಮೀ. ತೋರಿಸ್ತಿದ್ದು ಕ್ಲಚ್ ಪೆಡಲ್ ರಬ್ಬರ್ ಸವೆದು ನುಣ್ಣಗಾಗಿದ್ರೆ, ಮೀಟರ್ ಹಿಂದಕ್ಕೆ ತಿರುಗಿಸಿರಬಹುದು, ಸರ್ವಿಸ್ ಹಿಸ್ಟರಿ ತೆಗೆಸದೇ ಒಪ್ಪಬೇಡಿ.

ಹಳೇ ಲೋನ್ ಇದ್ದ ಗಾಡಿಯಾದ್ರೆ ಬ್ಯಾಂಕಿನ ಎನ್‌ಒಸಿ (ಅಭ್ಯಂತರ ಇಲ್ಲ ಅನ್ನೋ ಪತ್ರ), ಫಾರಂ 35 (ಆರ್‌ಸಿಯಿಂದ ಸಾಲದ ನಮೂದು ತೆಗೆಸೋ ಫಾರಂ) ಕೈಗೆ ಬರೋವರೆಗೂ ಪೂರ್ತಿ ದುಡ್ಡು ಕೊಡಲೇಬೇಡಿ. ಇನ್ಶೂರೆನ್ಸ್ ನಿಮ್ಮ ಹೆಸರಿಗೆ ಮಾಡಿಸೋಕೆ, ಗಾಡಿ ವರ್ಗಾವಣೆಯಾದ 14 ದಿನದೊಳಗೆ ಅರ್ಜಿ ಹಾಕಿ. ಹಳೇ ಮಾಲೀಕರ ನೋ ಕ್ಲೇಮ್ ಬೋನಸ್ (ಕ್ಲೇಮ್ ಮಾಡದಿದ್ದಕ್ಕೆ ಪ್ರೀಮಿಯಂನಲ್ಲಿ ಸಿಗೋ ರಿಯಾಯ್ತಿ) ನಿಮಗೆ ಬರಲ್ಲ.

ಟೆಸ್ಟ್ ಡ್ರೈವ್ ಬಿ.ಎಚ್. ರಸ್ತೇಲಿ ಒಂದು ರೌಂಡ್ ಹೊಡೆದರೆ ಸಾಲದು. ದೇವರಾಯನದುರ್ಗದ ಏರು ಹತ್ತಿಸಿ. ಎಂಜಿನ್ ಕೂಗ್ತಾ ಗಾಡಿ ಮಾತ್ರ ಮುಂದಕ್ಕೆ ಹೋಗದಿದ್ರೆ ಕ್ಲಚ್ ಮುಗಿದಿದೆ, ವಾಪಸ್ ಬಿಟ್ಟು ಬನ್ನಿ.