ಪದರಗಳ ನಡುವೆ ಲಿಥಿಯಂ ಹೊಕ್ಕರೆ ಅರೆವಾಹಕ ಲೋಹದಂತಾಗುವುದು ಹೇಗೆ?

ಮಾಲಿಬ್ಡಿನಮ್ ಮತ್ತು ಗಂಧಕ ಸೇರಿದ, ಪದರ ಪದರವಾಗಿರುವ ಮಾಲಿಬ್ಡಿನಮ್ ಡೈಸಲ್ಫೈಡ್ ಅರೆವಾಹಕ. ಅದರ ಪದರಗಳ ನಡುವೆ ಲಿಥಿಯಂ ಸೇರಿಸಿದರೆ ಲೋಹದಂತಾಗುತ್ತದೆ. ಲಿಥಿಯಂ ಲೋಹವಾದ್ದರಿಂದ ಹೀಗಾಗುತ್ತದಾ, ಅದನ್ನು ಹೊರತೆಗೆದರೆ ಮೊದಲಿನಂತಾಗುತ್ತದಾ ಅಂತ ಕೇಳಿದ್ದೀರಿ.

ಲಿಥಿಯಂ ಲೋಹ ಅನ್ನುವುದು ಇಲ್ಲಿ ಕಾರಣ ಅಲ್ಲ. ಅದು ತನ್ನ ಒಂದು ಎಲೆಕ್ಟ್ರಾನನ್ನು ಪದರಕ್ಕೆ ಕೊಟ್ಟು, ತಾನು ಅಯಾನಾಗಿ, ಅಂದರೆ ಧನ ವಿದ್ಯುದಾವೇಶದ ಕಣವಾಗಿ, ನಡುವಿನ ಸಂದಿಯಲ್ಲಿ ಉಳಿಯುತ್ತದೆ. ಆಮೇಲಿನ ಕೆಲಸವೆಲ್ಲ ಆ ಎಲೆಕ್ಟ್ರಾನಿನದು.

ಈ ವಸ್ತುವಿನಲ್ಲಿ ಪ್ರತಿ ಮಾಲಿಬ್ಡಿನಮ್ ಬಳಿ ಎರಡು ಡಿ ಎಲೆಕ್ಟ್ರಾನ್ (ಡಿ ಎಂಬ ಬಗೆಯ ಕಕ್ಷಕದಲ್ಲಿರುವ ಎಲೆಕ್ಟ್ರಾನ್) ಇರುತ್ತವೆ. ಸುತ್ತಲಿನ ಆರು ಗಂಧಕ ಪರಮಾಣುಗಳು ತ್ರಿಕೋನ ಪಟ್ಟಕದ ಆಕಾರದಲ್ಲಿ ಕೂತಿರುವಾಗ, ಕೆಳಗಿನ ಒಂದೇ ಶಕ್ತಿಮಟ್ಟ ಆ ಎರಡರಿಂದ ಪೂರ್ತಿ ತುಂಬಿಬಿಡುತ್ತದೆ. ಮುಂದಿನ ಮಟ್ಟ ತುಂಬ ಮೇಲಿದೆ. ಎಲೆಕ್ಟ್ರಾನುಗಳಿಗೆ ಓಡಾಡಲು ಹತ್ತಿರದಲ್ಲಿ ಖಾಲಿ ಜಾಗ ಇಲ್ಲ, ಅದಕ್ಕೇ ಅರೆವಾಹಕ. ಮೂರನೆಯ ಎಲೆಕ್ಟ್ರಾನ್ ಬಂದರೆ ಆ ಎತ್ತರಕ್ಕೆ ಹತ್ತಬೇಕು. ಇಂಥವು ಜಾಸ್ತಿಯಾದಾಗ ಗಂಧಕದ ಒಂದು ಹಾಳೆಯೇ ಪಕ್ಕಕ್ಕೆ ಜಾರುತ್ತದೆ, ಸುತ್ತಲಿನ ಆಕಾರ ಅಷ್ಟಮುಖಿಯಾಗುತ್ತದೆ. ಈಗ ಕೆಳಗೆ ಒಂದು ಮಟ್ಟದ ಬದಲು ಮೂರು ಮಟ್ಟಗಳು ಹತ್ತಿರ ಹತ್ತಿರ ಇರುತ್ತವೆ. ಅವು ಪೂರ್ತಿ ತುಂಬಿಲ್ಲದ ಕಾರಣ ವಿದ್ಯುತ್ ಸಲೀಸಾಗಿ ಹರಿಯುತ್ತದೆ. ಎಲೆಕ್ಟ್ರಾನಿಗೆ ಜಾಗ ಮಾಡಿಕೊಡಲು ಹರಳು ತಾನೇ ಮೈ ಬದಲಿಸುತ್ತದೆ! ಇಷ್ಟು ವರ್ಷ ಇದರಲ್ಲೇ ಕೆಲಸ ಮಾಡಿದರೂ ನನಗೆ ಇದರ ಬೆರಗು ಹೋಗಿಲ್ಲ.

ಇನ್ನು ಹಿಂದಿರುಗುವ ಮಾತು. ನೀರಿನಲ್ಲಿ ತೊಳೆದರೆ ಲಿಥಿಯಂ ಹೊರಟುಹೋಗುತ್ತದೆ, ಆದರೆ ಹೊಸ ರಚನೆ ಬಹುಪಾಲು ಹಾಗೇ ಉಳಿಯುತ್ತದೆ. ಗಂಧಕದ ಹಾಳೆ ವಾಪಸ್ ಜಾರಲು ಶಕ್ತಿ ಬೇಕು ಅಲ್ವಾ? ಸುಮಾರು 300 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿದರೆ ಮತ್ತೆ ಅರೆವಾಹಕವಾಗುತ್ತದೆ.

ಪದರಗಳ ನಡುವೆ ಲಿಥಿಯಂ ಸೇರಿಸಬಹುದಾದ ಇನ್ನೊಂದು ವಸ್ತು ಗ್ರಾಫೈಟ್ ಹೀಗಲ್ಲ. ಅಲ್ಲಿ ಇಂಗಾಲದ ಹಾಳೆಗಳು ಒಳಗೊಳಗೆ ಬದಲಾಗುವುದಿಲ್ಲ. ಅವುಗಳ ನಡುವಿನ ಅಂತರ 3.35 ಆಂಗ್‌ಸ್ಟ್ರಾಮ್‌ನಿಂದ (ಒಂದು ಆಂಗ್‌ಸ್ಟ್ರಾಮ್ ಅಂದರೆ ಮಿಲಿಮೀಟರಿನ ಕೋಟಿಯ ಒಂದು ಭಾಗ) ಸುಮಾರು 3.7ಕ್ಕೆ ಹಿಗ್ಗುತ್ತದೆ, ಒಂದರ ಮೇಲೊಂದು ಕೂರುವ ರೀತಿ ಬದಲಾಗುತ್ತದೆ, ಅಷ್ಟೇ. ಅದಕ್ಕೇ ಬ್ಯಾಟರಿಯಲ್ಲಿ ಲಿಥಿಯಂ ಸಾವಿರಾರು ಸಲ ಹೋಗಿ ಬರಬಹುದು. ಆರು ಇಂಗಾಲಕ್ಕೆ ಒಂದು ಲಿಥಿಯಂ ಸೇರುವಾಗ ಕಪ್ಪು ಗ್ರಾಫೈಟ್ ಹೊಂಬಣ್ಣಕ್ಕೆ ತಿರುಗುತ್ತದೆ. ಮೊದಲ ಸಲ ಸೂಕ್ಷ್ಮದರ್ಶಕದಲ್ಲಿ ಅದನ್ನು ನೋಡಿದ ದಿನ ನಾನು ಊಟಕ್ಕೂ ಏಳಲಿಲ್ಲ. ಲಿಥಿಯಂ ಬದಲು ಕ್ಯಾಲ್ಸಿಯಂ ಸೇರಿಸಿದರೆ ಅದೇ ಗ್ರಾಫೈಟ್ 11.5 ಕೆಲ್ವಿನ್‌ನಲ್ಲಿ ಅತಿವಾಹಕವಾಗುತ್ತದೆ, ಅಂದರೆ ರೋಧವೇ ಇಲ್ಲದೆ ವಿದ್ಯುತ್ ಹರಿಸುತ್ತದೆ. ಇದು ಗೊತ್ತಾಗಿದ್ದು 2005ರಲ್ಲಿ.

ನೀವೇ ಪ್ರಯೋಗ ಮಾಡುವುದಾದರೆ ಒಂದು ಮಾತು. ರೋಧ ಇಳಿಯಿತು ಅಂತ ಸುಮ್ನೆ ರಚನೆ ಬದಲಾಯಿತು ಅಂದುಕೊಳ್ಳಬೇಡಿ. ಎಲೆಕ್ಟ್ರಾನ್ ಹೆಚ್ಚಾದರೇ ಸಾಕು, ರೋಧ ಇಳಿಯುತ್ತದೆ. ಜೊತೆಗೆ ರಾಮನ್ ರೋಹಿತವನ್ನೂ (ವಸ್ತುವಿನಿಂದ ಚದುರಿದ ಬೆಳಕಿನ ರೋಹಿತ, ಪರಮಾಣುಗಳ ಕಂಪನವನ್ನು ತೋರಿಸುತ್ತದೆ) ತೆಗೆಯಿರಿ. ಹಾಳೆ ನಿಜವಾಗಿ ಜಾರಿದ್ದರೆ ಅದರಲ್ಲಿ ಮೊದಲಿಲ್ಲದ ಹೊಸ ಗೆರೆಗಳು ಕಾಣಿಸುತ್ತವೆ.