ಪಕ್ಕದಲ್ಲೇ ಚಂದ್ರಗುಪ್ತ ಬಂದು ಕೂತರೆ ಏನು ಮಾಡಬೇಕು?

ನೀವು ಕೇಳಿದ್ದು ಇಷ್ಟು: ಸಿವಿಲೈಸೇಷನ್ 6 ಎಂಬ ರಾಜ್ಯ ಕಟ್ಟುವ ಕಂಪ್ಯೂಟರ್ ಆಟ ಆಡುವಾಗ ಸುಮಾರು ಸಲ ಇನ್ನೊಂದು ನಾಗರಿಕತೆ ನಿಮ್ಮ ರಾಜಧಾನಿಯ ಮಗ್ಗುಲಲ್ಲೇ ಶುರುವಾಗುತ್ತದೆ. ಎರಡನೇ ಊರಿಗೇ ಜಾಗ ಸಿಗುವುದಿಲ್ಲ. ಇದು ಆಟದ ತಪ್ಪಾ, ರೀಸ್ಟಾರ್ಟ್ ಮಾಡುವುದೊಂದೇ ದಾರಿಯಾ?

ರೀಸ್ಟಾರ್ಟ್ ಮಾಡಬೇಡಿ. ತುಂಬಾ ದಿನ ನಾನೂ ಅದನ್ನೇ ಮಾಡುತ್ತಿದ್ದೆ. ಒಂದೇ ಒಂದು ಆಟ ನನ್ನ ಮನಸ್ಸು ಬದಲಾಯಿಸಿತು.

ಅವತ್ತು ನಾನು ಈಜಿಪ್ಟ್ ತೆಗೆದುಕೊಂಡಿದ್ದೆ. ಸ್ಮಾಲ್ ಮ್ಯಾಪ್, ಪ್ಯಾಂಜಿಯಾ (ಎಲ್ಲರೂ ಒಂದೇ ದೊಡ್ಡ ನೆಲದಲ್ಲಿ), ಸಾಕಷ್ಟು ಕಷ್ಟದ ಎಂಪರರ್ ಲೆವೆಲ್. ನದಿ ದಡದಲ್ಲಿ ರಾಜಧಾನಿ ಕಟ್ಟಿ ಸ್ಕೌಟ್ ಅನ್ನು ಬಡಗು ದಿಕ್ಕಿಗೆ ಕಳಿಸಿದೆ. ಗುಡ್ಡ ಹತ್ತಿದ ಕೂಡಲೇ ಬೇರೆ ಬಣ್ಣದ ಗಡಿ ಕಾಣಿಸಿತು. ಭಾರತ, ನಾಯಕ ಚಂದ್ರಗುಪ್ತ. ನಮ್ಮಿಬ್ಬರ ರಾಜಧಾನಿಗಳ ನಡುವೆ ದೂರ 8 ಟೈಲ್ (ಮ್ಯಾಪಿನ ಮನೆಗಳು). ಈ ಆಟದಲ್ಲಿ ಒಂದು ಊರಿನಿಂದ ಇನ್ನೊಂದು ಊರು ಕನಿಷ್ಠ 4 ಟೈಲ್ ದೂರ ಇರಲೇಬೇಕು. ಅಂದರೆ ನಟ್ಟನಡುವೆ ಹೇಗೋ ಒಂದು ಊರು ತೂರಿಸಬಹುದು, ಅಷ್ಟೇ.

ನಾನು ತೂರಿಸಿದೆ. 25 ಚಿನ್ನ ಕೊಟ್ಟು ಅವನಿಗೆ ಡೆಲಿಗೇಷನ್ (ಸ್ನೇಹದ ನಿಯೋಗ) ಕೂಡ ಕಳಿಸಿದೆ. ಅವನು ತೆಗೆದುಕೊಂಡ. ಆದರೂ ಅವನ ಮುಖ ಸಿಟ್ಟಾಗಿಯೇ ಇತ್ತು. ಆಮೇಲೆ ಅವನ ಅಜೆಂಡಾ (ಆ ನಾಯಕನ ಇಷ್ಟಾನಿಷ್ಟ) ಓದಿದಾಗ ಅರ್ಥವಾಯಿತು. ಈ ಆಟದ ಚಂದ್ರಗುಪ್ತನಿಗೆ ತನ್ನ ಊರುಗಳ ಹತ್ತಿರ ಊರು ಇಟ್ಟುಕೊಂಡವರನ್ನು ಕಂಡರೆ ಆಗುವುದಿಲ್ಲ. ದೂರ ಇರುವವರು ಅಂದರೆ ಇಷ್ಟ. ಅವನ ವಿಶೇಷ ಶಕ್ತಿಯ ಹೆಸರೇ ಅರ್ಥಶಾಸ್ತ್ರ. ಮಿಲಿಟರಿ ಟ್ರೈನಿಂಗ್ ಎಂಬ ಸಿವಿಕ್ (ಆಟದಲ್ಲಿ ಕಲಿಯುವ ಸಾಮಾಜಿಕ ವಿದ್ಯೆ) ಸಿಕ್ಕ ಮೇಲೆ ರಾಜ್ಯ ವಿಸ್ತಾರದ ಯುದ್ಧ ಸಾರಬಹುದು. ಆಗ ಮೊದಲ 10 ಟರ್ನ್ (ಆಟದ ಸರದಿ) ಅವನ ಸೈನ್ಯಕ್ಕೆ 2 ಹೆಜ್ಜೆ ಜಾಸ್ತಿ ಓಟ, 5 ಜಾಸ್ತಿ ಬಲ. ಅದರ ಜೊತೆಗೆ ಭಾರತದ ವಿಶೇಷ ಪಡೆಯಾದ ವರು ಆನೆ. ಆ ಆನೆ ಪಕ್ಕದಲ್ಲಿ ನಿಂತರೆ ಸಾಕು, ನಮ್ಮ ಪಡೆಯ ಬಲ 5 ಇಳಿಯುತ್ತದೆ. ಮೊದಲು ನಡುವಿನ ಊರು ಹೋಯಿತು, ಆಮೇಲೆ ರಾಜಧಾನಿ.

ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಮಂಡಲ ಸಿದ್ಧಾಂತ ಅಂತ ಇದೆ. ಗಡಿಗೆ ತಾಗಿದ ರಾಜ ಸಹಜವಾಗಿ ಶತ್ರು, ಅವನಾಚೆಗಿನವನು ಸಹಜವಾಗಿ ಮಿತ್ರ ಎನ್ನುವ ಲೆಕ್ಕ. ಆಟ ಮಾಡಿದವರು ಚಂದ್ರಗುಪ್ತನ ಸ್ವಭಾವವನ್ನು ಅದಕ್ಕೆ ಸರಿಯಾಗಿ ಹೊಂದಿಸಿದ್ದಾರೆ ಅನ್ನಿಸುತ್ತದೆ. ಇದೇ ಚಂದ್ರಗುಪ್ತ ಕೊನೆಗೆ ರಾಜ್ಯ ಬಿಟ್ಟು ನಮ್ಮ ಶ್ರವಣಬೆಳಗೊಳಕ್ಕೆ ಬಂದು ಸಲ್ಲೇಖನ ವ್ರತದಿಂದ ಪ್ರಾಣ ಬಿಟ್ಟ ಅಂತ ಜೈನ ಪರಂಪರೆ ಹೇಳುತ್ತದೆ. ಚಂದ್ರಗಿರಿ ಬೆಟ್ಟ ಹತ್ತಿದವರಿಗೆ ಆ ಕಥೆ ಗೊತ್ತಿರುತ್ತದೆ. ಅಲ್ಲಿ ಕೇಳಿದ ಚಂದ್ರಗುಪ್ತನೇ ಬೇರೆ, ಇಲ್ಲಿ ಗಡಿಯಲ್ಲಿ ಆನೆ ನಿಲ್ಲಿಸಿದವನೇ ಬೇರೆ ಅಂತ ನನಗೆ ಅವತ್ತು ತುಂಬಾ ಹೊತ್ತು ಅನ್ನಿಸುತ್ತಿತ್ತು.

ಮೊದಲ ಟರ್ನಿನ ಆಟೋಸೇವ್ ಇತ್ತು. ಅದೇ ಮ್ಯಾಪ್ ಮತ್ತೆ ತೆರೆದೆ. ಈ ಸಲ ಎರಡನೇ ಊರಿನ ಆಸೆಯನ್ನೇ ಬಿಟ್ಟೆ. ಹೊಸ ಊರು ಕಟ್ಟುವ ಮೊದಲ ಸೆಟ್ಲರ್‌ಗೆ 80 ಪ್ರೊಡಕ್ಷನ್ (ಊರಿನ ದುಡಿಮೆ) ಬೇಕು, ಆಮೇಲೆ ಪ್ರತಿಯೊಂದಕ್ಕೂ ಬೆಲೆ ಏರುತ್ತಾ ಹೋಗುತ್ತದೆ. ಕವಣೆ ಬೀಸುವ ಸ್ಲಿಂಗರ್‌ಗೆ ಬರೀ 35. ಮೂರು ಸ್ಲಿಂಗರ್ ಮಾಡಿದೆ. ಅದರಲ್ಲಿ ಒಂದು, ಸುಳಿದಾಡುತ್ತಿದ್ದ ಬಾರ್ಬೇರಿಯನ್ ಸ್ಕೌಟ್ ಅನ್ನು ಕೊಂದಿತು. ಹಾಗೆ ಸ್ಲಿಂಗರ್ ಒಂದು ಬೇಟೆ ಹೊಡೆದರೆ ಆರ್ಚರಿ ವಿದ್ಯೆಗೆ ಯುರೇಕಾ, ಅಂದರೆ ಬೇಗ ಕಲಿಯುವ ನೆರವು, ಸಿಗುತ್ತದೆ. ಆಮೇಲೆ ಒಂದೊಂದಕ್ಕೆ 60 ಚಿನ್ನ ಕೊಟ್ಟು ಅವನ್ನು ಆರ್ಚರ್ (ಬಿಲ್ಲುಗಾರ) ಮಾಡಿಕೊಂಡೆ. ಕ್ರಾಫ್ಟ್‌ಮನ್‌ಶಿಪ್ ಸಿವಿಕ್ ಮುಗಿದ ಕೂಡಲೇ, ಪಡೆಗಳನ್ನು ಬೇಗ ತಯಾರಿಸುವ ಅಗೋಗೆ ಕಾರ್ಡ್ ಹಾಕಿ ಇನ್ನೊಂದು ಆರ್ಚರ್, ಎರಡು ವಾರಿಯರ್ ಸೇರಿಸಿದೆ. ಚಂದ್ರಗುಪ್ತನ ಆಚೆ ಇದ್ದ ರಾಜ್ಯಕ್ಕೆ ಮಾತ್ರ ಡೆಲಿಗೇಷನ್ ಕಳಿಸಿದೆ. ಮಂಡಲದ ಲೆಕ್ಕ ನಾನೂ ಬಳಸಿದೆ.

ಇಲ್ಲಿ ಮುಖ್ಯವಾದದ್ದು ಹೊತ್ತು. ಅವನು ಮೇಸನ್ರಿ ಕಲಿತು ಗೋಡೆ ಕಟ್ಟುವ ಮೊದಲು, ಹಾರ್ಸ್‌ಬ್ಯಾಕ್ ರೈಡಿಂಗ್ ಕಲಿತು ಆನೆ ತರುವ ಮೊದಲು ಹೋಗಿಬಿಡಬೇಕು. ಗೋಡೆ ಇಲ್ಲದ ಊರು ತಿರುಗಿ ಬಾಣ ಬಿಡುವುದಿಲ್ಲ. ಆರ್ಚರ್‌ಗಳು ದೂರದಿಂದಲೇ ಕಾವಲಿನವರನ್ನು ಮುಗಿಸುತ್ತವೆ, ಒಳಗೆ ನುಗ್ಗಿ ಹಿಡಿಯಲು ಮಾತ್ರ ವಾರಿಯರ್ ಬೇಕು. ದಾರಿಯಲ್ಲಿ ಕಾವಲಿಲ್ಲದೆ ಬರುತ್ತಿದ್ದ ಅವನ ಸೆಟ್ಲರ್ ಒಂದೂ ನನ್ನ ಕೈಗೆ ಸಿಕ್ಕಿತು. ಎರಡನೇ ಊರು ಅದರಿಂದಲೇ ಆಯಿತು! ಬೆಳೆದು ನಿಂತ ಒಂದು ರಾಜಧಾನಿ, ಜೊತೆಗೆ ಒಂದು ಸೆಟ್ಲರ್. ಸುಮ್ನೆ ಕೂತು ಊರು ಕಟ್ಟಿದ್ದರೆ ಅಷ್ಟು ಬೇಗ ಅಷ್ಟು ಸಿಗುತ್ತಿರಲಿಲ್ಲ.

ಒಂದು ಎಚ್ಚರಿಕೆ. 2018ರ ರೈಸ್ ಆಂಡ್ ಫಾಲ್ ಅಥವಾ ಅದರ ನಂತರದ ಗ್ಯಾದರಿಂಗ್ ಸ್ಟಾರ್ಮ್ ಎಂಬ ವಿಸ್ತರಣೆ ಹಾಕಿಕೊಂಡಿದ್ದರೆ ಲಾಯಲ್ಟಿ, ಅಂದರೆ ಊರಿನ ನಿಷ್ಠೆ, ನೋಡಬೇಕು. ಪ್ರತಿ ಊರಿನ ಜನರ ಒತ್ತಡ 9 ಟೈಲ್ ತನಕ ಮುಟ್ಟುತ್ತದೆ, ದೂರ ಹೋದಂತೆ ಕಡಿಮೆಯಾಗುತ್ತದೆ. ಹಾಗಾಗಿ ಪಕ್ಕದವನ ಸಣ್ಣ ಊರನ್ನು ಮೊದಲು ಹಿಡಿದರೆ ಅವನ ರಾಜಧಾನಿಯ ಒತ್ತಡಕ್ಕೆ ಅದು ಕೈಬಿಟ್ಟು ಹೋಗಬಹುದು. ದೊಡ್ಡದನ್ನೇ ಮೊದಲು ಹಿಡಿಯಿರಿ, ಅಲ್ಲಿಗೊಬ್ಬ ಗವರ್ನರ್ ಕಳಿಸಿ. ಅವನಿಂದ ಟರ್ನಿಗೆ 8 ಲಾಯಲ್ಟಿ ಬರುತ್ತದೆ. ಇದೇ ನಿಯಮ ನಿಮ್ಮನ್ನೂ ಕಾಯುತ್ತದೆ. ಪಕ್ಕದವನು ನಿಮ್ಮ ಬಾಗಿಲಿಗೆ ಬಂದು ಪುಟ್ಟ ಊರು ಕಟ್ಟಿದರೆ ಗಾಬರಿಯಾಗಬೇಡಿ, ನಿಮ್ಮ ಊರುಗಳು ದೊಡ್ಡದಿದ್ದರೆ ಎಷ್ಟೋ ಸಲ ಅದು ತಾನಾಗಿ ನಿಮ್ಮ ಕಡೆ ಬರುತ್ತದೆ.

ಎಲ್ಲ ನೆರೆಯವರ ಮೇಲೂ ಹೀಗೆ ಬೀಳಬೇಕು ಅಂತ ನಾನು ಹೇಳುತ್ತಿಲ್ಲ. ಅದೇ ಭಾರತಕ್ಕೆ ಗಾಂಧಿ ನಾಯಕರಾಗಿದ್ದರೆ ಲೆಕ್ಕವೇ ಬೇರೆ. ಶಾಂತಿಯಿಂದ ಇರುವವರನ್ನು ಕಂಡರೆ ಅವರಿಗೆ ಇಷ್ಟ. ಸ್ನೇಹದ ಒಪ್ಪಂದ ಮಾಡಿಕೊಂಡರೆ ಸ್ಟ್ಯಾಂಡರ್ಡ್ ವೇಗದಲ್ಲಿ 30 ಟರ್ನ್ ನೆಮ್ಮದಿ. ಬೆನ್ನು ಅವರ ಕಡೆ ಇಟ್ಟು ಇನ್ನೊಂದು ದಿಕ್ಕಿಗೆ ಬೆಳೆಯಬಹುದು. ಇನ್ನು ಅತಿ ಕಷ್ಟದ ಡೀಟಿ ಲೆವೆಲ್ ಆದರೆ ಎಐ (ಕಂಪ್ಯೂಟರ್ ಆಡಿಸುವ ಎದುರಾಳಿ) ಮೂರು ಸೆಟ್ಲರ್ ಜೊತೆ ಶುರು ಮಾಡುತ್ತದೆ, ಅದರ ಪಡೆಗೆ 4 ಬಲ ಜಾಸ್ತಿ. ಅಲ್ಲಿ ಮೊದಲೇ ನುಗ್ಗುವುದು ಕಷ್ಟ. ಗುಡ್ಡದ ಮೇಲೆ, ನದಿಯ ಹಿಂದೆ ಆರ್ಚರ್ ನಿಲ್ಲಿಸಿ ಅವರ ಸೈನ್ಯ ಸವೆಯಲು ಬಿಡಿ, ಆಮೇಲೆ ಹೊರಡಿ.

ಇದು ಆಟದ ತಪ್ಪಾ ಅಂದಿರಿ. ತಪ್ಪಲ್ಲ, ಜಾಗ ಕಡಿಮೆ. ಮ್ಯಾಪ್ ಹುಟ್ಟಿಸುವಾಗ ಎಲ್ಲರನ್ನೂ ದೂರ ದೂರ ಇಡಲು ಅದು ನೋಡುತ್ತದೆ. ಆದರೆ ಒಳ್ಳೆಯ ನೆಲವೂ ಬೇಕು, ಪ್ರತಿ ನಾಗರಿಕತೆಯ ಇಷ್ಟವೂ ನಡೆಯಬೇಕು. ಬ್ರೆಜಿಲ್, ಕಾಂಗೊ ಎರಡಕ್ಕೂ ಮಳೆಕಾಡು ಬೇಕು, ಇರುವ ಮಳೆಕಾಡು ಒಂದೇ ಆದರೆ ಇಬ್ಬರೂ ಎಲ್ಲಿಗೆ ಹೋಗಬೇಕು ಹೇಳಿ? ಭೂಮಿಯ ನಕ್ಷೆಯಲ್ಲಿ ನಿಜ ಜಾಗದಿಂದ ಶುರುಮಾಡುವ ಆಟವಾದರೆ ಯುರೋಪಿನಲ್ಲಿ ಫ್ರಾನ್ಸ್, ಜರ್ಮನಿ, ರೋಮ್ ಒತ್ತೊತ್ತಾಗಿ ಕೂರುತ್ತವೆ.

ನಿಮಗೆ ನಿಜಕ್ಕೂ ಬಯಲು ಬೇಕಿದ್ದರೆ ಅಡ್ವಾನ್ಸ್ಡ್ ಸೆಟಪ್‌ಗೆ ಹೋಗಿ. ಸ್ಟ್ಯಾಂಡರ್ಡ್ ಮ್ಯಾಪಿನಲ್ಲಿ ತಾನಾಗಿ 8 ನಾಗರಿಕತೆ, 12 ಸಿಟಿ ಸ್ಟೇಟ್ (ಒಂದೇ ಊರಿನ ಪುಟ್ಟ ರಾಜ್ಯ) ಇರುತ್ತವೆ. ಅದನ್ನು 6 ಮತ್ತು 8ಕ್ಕೆ ಇಳಿಸಿ, ಸಮುದ್ರ ಮಟ್ಟವನ್ನು ಲೋ ಮಾಡಿ. ನೆಲ ಜಾಸ್ತಿಯಾಗುತ್ತದೆ. ಸ್ಟಾರ್ಟ್ ಪೊಸಿಷನ್ ಅನ್ನು ಬ್ಯಾಲೆನ್ಸ್ಡ್ ಮಾಡಿದರೆ ದೂರ ಹೆಚ್ಚುತ್ತದೆ ಅಂತ ಹಲವರು ಅಂದುಕೊಂಡಿದ್ದಾರೆ. ಅದು ಸುತ್ತಲಿನ ಸಂಪತ್ತಿಗೆ ಸಂಬಂಧಿಸಿದ್ದು, ದೂರಕ್ಕಲ್ಲ.

ಈಗ ನಡೆಯುತ್ತಿರುವ ಆಟವನ್ನು ಅಳಿಸಬೇಡಿ. ಪಕ್ಕದಲ್ಲಿ ಯಾರಿದ್ದಾರೆ, ಅವರ ಅಜೆಂಡಾ ಏನು, ಗೋಡೆ ಎದ್ದಿದೆಯಾ, ಇಷ್ಟು ಬರೆದು ಕಳಿಸಿ. ಒಟ್ಟಿಗೆ ನೋಡೋಣ.