ಸೋಮಾರಿ ಕಣ್ಣಿಗೆ ಮೆದುಳಿನ ಮಾತ್ರೆ ಕೊಡಬಾರದೇ?

ಪ್ರಶ್ನೆ: ನನ್ನ ಮಗಳಿಗೆ ನಾಲ್ಕು ವರ್ಷ. ಎಡಗಣ್ಣು ‘ಲೇಜಿ ಐ’ ಆಗಿದೆ, ಕನ್ನಡಕದ ಜೊತೆಗೆ ಬಲಗಣ್ಣಿಗೆ ದಿನಾ ಎರಡು ಗಂಟೆ ಪ್ಯಾಚ್ ಹಾಕಿ ಎಂದಿದ್ದಾರೆ ವೈದ್ಯರು. ಹಾಕಿದ ಕೂಡಲೇ ಅತ್ತು ಕಿತ್ತು ಹಾಕುತ್ತಾಳೆ. ತೊಂದರೆ ಇರುವುದು ಕಣ್ಣಲ್ಲಲ್ಲ, ಮೆದುಳಿನಲ್ಲಿ ಅನ್ನುತ್ತಾರೆ. ಹಾಗಿದ್ದರೆ ಮೆದುಳಿನ ರಾಸಾಯನಿಕ ಸರಿಮಾಡುವ ಮಾತ್ರೆಯನ್ನೇ ಕೊಡಬಾರದೇ?

ಉತ್ತರ: ವೈದ್ಯರು ಹೇಳಿದ್ದು ನಿಜ, ನಿಮ್ಮ ಅನುಮಾನವೂ ನ್ಯಾಯವಾದದ್ದೇ. ನರಕೋಶಗಳ ನಡುವೆ ಸಂದೇಶ ಒಯ್ಯುವ ರಾಸಾಯನಿಕಗಳಿಗೆ (ನ್ಯೂರೋಟ್ರಾನ್ಸ್‌ಮಿಟರ್) ದೃಷ್ಟಿ ಬೆಳೆಯುವುದರಲ್ಲಿ ದೊಡ್ಡ ಪಾತ್ರವಿದೆ. ಅದು ಬೆಳಕು ಕಾಣುವ ಮೊದಲೇ ಶುರುವಾಗುತ್ತದೆ. ಇಲಿಮರಿ ಇನ್ನೂ ಕಣ್ಣು ಬಿಟ್ಟಿರುವುದಿಲ್ಲ, ಆಗಲೇ ಅದರ ಅಕ್ಷಿಪಟಲದ ಕೆಲವು ಕೋಶಗಳು ಅಸಿಟೈಲ್‌ಕೋಲಿನ್ ಎಂಬ ಇಂಥ ರಾಸಾಯನಿಕವನ್ನು ಸುರಿಸಿ ಅಕ್ಕಪಕ್ಕದವನ್ನು ಕೆರಳಿಸುತ್ತವೆ. ಆ ಚಟುವಟಿಕೆ ಅಲೆಯಂತೆ ಹರಡಿ ಮೆದುಳಿಗೆ ತಲುಪುತ್ತದೆ. ಎರಡು ಕಣ್ಣುಗಳಿಂದ ಬರುವ ನರತಂತುಗಳು ತಂತಮ್ಮ ಜಾಗ ಹಿಡಿಯುವುದು ಈ ಅಲೆಗಳ ನೆರವಿನಿಂದ. ಕೆಲವು ದಿನಗಳ ಬಳಿಕ ಅಲೆ ಎಬ್ಬಿಸುವ ಕೆಲಸ ಗ್ಲುಟಮೇಟ್ ಎಂಬ ಇನ್ನೊಂದು ರಾಸಾಯನಿಕಕ್ಕೆ ಹೋಗುತ್ತದೆ.

ಕಣ್ಣು ತೆರೆದ ಮೇಲೆ ನಡೆಯುವುದು ಪೈಪೋಟಿ. 1960ರ ದಶಕದಲ್ಲಿ ಹ್ಯೂಬೆಲ್ ಮತ್ತು ವೀಸೆಲ್ ಎಂಬ ವಿಜ್ಞಾನಿಗಳು ಬೆಕ್ಕಿನ ಮರಿಗಳ ಒಂದು ಕಣ್ಣಿನ ರೆಪ್ಪೆಯನ್ನು ಕೆಲವು ವಾರ ಮುಚ್ಚಿಟ್ಟರು. ಮತ್ತೆ ತೆರೆದಾಗ ಕಣ್ಣಿಗೆ ಏನೂ ಆಗಿರಲಿಲ್ಲ, ಆದರೆ ಮೆದುಳಿನ ದೃಷ್ಟಿಭಾಗದ ಕೋಶಗಳು ಹೆಚ್ಚುಕಡಿಮೆ ಎಲ್ಲವೂ ಇನ್ನೊಂದು ಕಣ್ಣಿನ ಪಾಲಾಗಿದ್ದವು. ದೊಡ್ಡ ಬೆಕ್ಕಿನಲ್ಲಿ ಹೀಗಾಗಲಿಲ್ಲ. ನಿಮ್ಮ ಮಗಳ ಎಡಗಣ್ಣು ಸೋಲುತ್ತಿರುವುದೂ ಇಂಥ ಪೈಪೋಟಿಯಲ್ಲೇ.

ಮೆದುಳು ಹೀಗೆ ಬದಲಾಗಬಲ್ಲ ಎಳೆಯ ಅವಧಿ ಯಾವಾಗ ಶುರುವಾಗಬೇಕೆಂದು ತೀರ್ಮಾನಿಸುವುದರಲ್ಲಿ ಗಾಬಾ ಎಂಬ ನ್ಯೂರೋಟ್ರಾನ್ಸ್‌ಮಿಟರ್ ಮುಖ್ಯ. ನನಗೆ ಇಂದಿಗೂ ಅಚ್ಚರಿ ತರುವ ಸಂಗತಿ ಇದು, ಏಕೆಂದರೆ ಬೆಳೆದ ಮೆದುಳಿನಲ್ಲಿ ಗಾಬಾ ಮಾಡುವುದು ಕೋಶಗಳನ್ನು ಸುಮ್ಮನಾಗಿಸುವ ಕೆಲಸ. ನರವಿಜ್ಞಾನಿ ತಕಾವೊ ಹೆನ್ಷ್ ತಂಡ 1998ರಲ್ಲಿ, ಗಾಬಾ ತಯಾರಿಸುವ ಒಂದು ಕಿಣ್ವವಿಲ್ಲದ ಇಲಿಗಳ ಒಂದು ಕಣ್ಣು ಮುಚ್ಚಿ ನೋಡಿತು. ಮೆದುಳು ಬದಲಾಗಲೇ ಇಲ್ಲ. ಗಾಬಾದ ಪರಿಣಾಮ ಹೆಚ್ಚಿಸುವ ಡಯಾಜೆಪಾಮ್ ಎಂಬ ಔಷಧಿ ಕೊಟ್ಟಾಗ ಬದಲಾಯಿತು.

ಹಾಗೆಂದು ಮಕ್ಕಳಿಗೆ ಡಯಾಜೆಪಾಮ್ ಕೊಡುವ ಯೋಚನೆ ಖಂಡಿತ ಬೇಡ. ಇಂಥ ರಾಸಾಯನಿಕ ಇಡೀ ಮೆದುಳಿನಲ್ಲಿ ಕೆಲಸ ಮಾಡುತ್ತದೆ. ನಿಮ್ಮ ಮಗಳ ಮೆದುಳು ಈ ವಯಸ್ಸಿನಲ್ಲಿ ಬದಲಾಗಲು ತಾನಾಗಿಯೇ ಸಿದ್ಧವಿದೆ. ಕೊರತೆ ಇರುವುದು ಎಡಗಣ್ಣಿನಿಂದ ಬರಬೇಕಾದ ಸಂದೇಶಕ್ಕೆ, ಅದನ್ನು ಮಾತ್ರೆ ತುಂಬಿಕೊಡಲಾರದು. ಡೋಪಮಿನ್ ಎಂಬ ನ್ಯೂರೋಟ್ರಾನ್ಸ್‌ಮಿಟರ್ ಆಗಿ ಬದಲಾಗುವ ಲೆವೊಡೋಪಾ ಔಷಧಿಯನ್ನು 7ರಿಂದ 12 ವರ್ಷದ ಮಕ್ಕಳಿಗೆ ಪ್ಯಾಚ್ ಜೊತೆ ಕೊಟ್ಟು ನೋಡಿದ್ದಾರೆ. ಬರೀ ಪ್ಯಾಚ್‌ಗಿಂತ ಹೇಳಿಕೊಳ್ಳುವಂಥ ಲಾಭ ಸಿಗಲಿಲ್ಲ.

ಹಾಗಾಗಿ ಪ್ಯಾಚ್ ಬಿಡಬೇಡಿ. ಬಣ್ಣ ಹಚ್ಚುವುದು, ಮಣಿ ಪೋಣಿಸುವುದು ಹೀಗೆ ಹತ್ತಿರದಿಂದ ನೋಡಿ ಮಾಡುವ ಆಟಕ್ಕೆ ಆ ಎರಡು ಗಂಟೆ ಇಟ್ಟುಕೊಳ್ಳಿ. ಬೇಗ ವಾಸಿಯಾಗಲೆಂದು ನೀವೇ ಹೊತ್ತು ಹೆಚ್ಚಿಸಬೇಡಿ, ಒಳ್ಳೆಯ ಕಣ್ಣೂ ಮಂಕಾಗಬಹುದು. ಏನು ಮಾಡಿದರೂ ಒಪ್ಪದಿದ್ದರೆ ಅಟ್ರೊಪಿನ್ ಹನಿಗಳ ಬಗ್ಗೆ ವೈದ್ಯರನ್ನು ಕೇಳಿ. ಬಲಗಣ್ಣಿಗೆ ಹಾಕಿದರೆ ಅದು ಅಲ್ಲಿನ ಸ್ನಾಯುವಿನಲ್ಲಿ ಅಸಿಟೈಲ್‌ಕೋಲಿನ್ ಅನ್ನು ತಡೆದು ಹತ್ತಿರದ ನೋಟವನ್ನು ಮಸುಕು ಮಾಡುತ್ತದೆ, ಎಡಗಣ್ಣು ದುಡಿಯಲೇಬೇಕಾಗುತ್ತದೆ. ಮಧ್ಯಮ ಪ್ರಮಾಣದ ತೊಂದರೆಯಲ್ಲಿ ಇದರ ಫಲ ಸುಮಾರಾಗಿ ಪ್ಯಾಚ್‌ನಷ್ಟೇ.